ಷರಾ

ಹಲಸೂರು ಕೆರೆಯ ಆಚೆ, ಕಾವಲಿನ ಹುಡುಗನ ರಿಜಿಸ್ಟರಿನಲ್ಲಿ
ಬಂದ ವೇಳೆ ಬರೆದು, ಫೋನು ಒಪ್ಪಿಸಿ,
ಹಳದಿ ಕ್ವಾರ್ಟರ್ಸಿನ ಮೂರನೆಯ ಮಹಡಿ ಹತ್ತಿದೆ.
ಬ್ಯಾಗಿನಲ್ಲಿ ಅರವತ್ತೆರಡು ಪ್ರಶ್ನೆ.
ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ,
'ಸ್ಟ್ರೆಸ್' ಇದ್ದಲ್ಲಿ 'ಒತ್ತಡ' ಎಂದು ಬರೆದು
ಎರಡು ದಿನ ಅನುಮಾನದಲ್ಲೇ ಇದ್ದವಳು.

ಹೆಸರು ಬೇಡ, ನಿಮ್ಮದು ಕುಟುಂಬ ಸಂಖ್ಯೆ ನಲವತ್ತೇಳು, ಅಂದೆ.
'ಯಾಕ್ರಿ, ಮಹಾನಂದಾ ಅಂತ ಬರಕೋರಿ'
ಅಂದಳು ಬೈಲಹೊಂಗಲದ ಹೆಂಗಸು.
ಬರೆದುಕೊಳ್ಳಲಿಲ್ಲ.
ಇಲ್ಲಿ ಬರೆದದ್ದೂ ಅವಳ ಹೆಸರಲ್ಲ.

'ಒತ್ತಡ ಅಂದ್ರ ಬಿಪಿ ಏನ್ರಿ?'
ಅಲ್ಲ.
'ನಳದ್ದೇನ್ರಿ? ಮ್ಯಾಲಿನ ಮನಿಗೆ ಪ್ರೆಷರೇ ಇಲ್ಲ,
ನಸುಕಿನ್ಯಾಗ ಎದ್ದು ಹಿಡೀಬೇಕು.'
ಅದೂ ಅಲ್ಲ.
'ಮತ್ತ?'

ಆ 'ಮತ್ತ'ಕ್ಕೆ ನನ್ನ ಕೈಪಿಡಿಯಲ್ಲಿ ಏನೂ ಇರಲಿಲ್ಲ.

ಕಳೆದ ನಾಲ್ಕು ವಾರಗಳಲ್ಲಿ ನಿದ್ದೆ ಬಾರದೆ ಹೋದದ್ದು:
ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ.
'ಎಂದೂ ಇಲ್ಲ.'
ಕಾರಣವಿಲ್ಲದೆ ಅಳು ಬಂದದ್ದು?
'ಎಂದೂ ಇಲ್ಲ.'
ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಂಡದ್ದು?
ಒಳಕೋಣೆಯಲ್ಲಿ ಬಾಯಿಪಾಠದ ದನಿ
ಹದಿನೇಳರ ಮಗ್ಗಿಯ ನಡುವೆ ಗಕ್ಕನೆ ನಿಂತಿತು.
'ಎಂದೂ ಇಲ್ಲ' ಅಂದಳು, ಬಾಗಿಲ ಕಡೆ ನೋಡಿ.
ಮಗ್ಗಿ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಕೂಡಿಸಿದರೆ ಆರೋಗ್ಯವಂತ ಕುಟುಂಬ.
ಹಿಂದಿನ ನಲವತ್ತಾರೂ ಹೀಗೇ ಆರೋಗ್ಯವಂತ.

ಚಹಾ ತಂದಳು. ಪೆನ್ನು ಕೆಳಗಿಟ್ಟೆ.

'ರಾತ್ರಿ ಎಂಟೂವರೆಗೆ ಫೋನ್ ಬರತೈತ್ರಿ.
ಆರಾಮ ಏನು ಅಂತಾರ, ಆರಾಮ ಅಂತೀನಿ.
ನೀವು ಆರಾಮ ಏನ್ರಿ ಅಂತೀನಿ, ಆರಾಮ ಅಂತಾರ.
ಈ ಹುಡುಗ ಕೈ ಮುರಕೊಂಡು, ಕಮಾಂಡ್ ಆಸ್ಪತ್ರ್ಯಾಗ
ಪ್ಲಾಸ್ಟರ್ ಹಾಕಿಸಿ, ಬಿಚ್ಚಿಸಿನೂ ಆತು,
ಅವರಿಗೆ ಇನ್ನೂ ಗೊತ್ತಿಲ್ಲ.
ಅವರ ಕಡೆ ಏನು ಮುರದೈತೋ
ನನಗ ಗೊತ್ತಿಲ್ಲ.'

'ದೂರ ಇದ್ದಾಗಿನ ಮಾತ ಬಿಡ್ರಿ, ರೂಢಿ ಆಗೈತಿ.
ರಜಾದ ಮ್ಯಾಲ ಬಂದ್ರ ಮೊದಲನೇ ವಾರ ಪಾವಣ್ಯಾರು,
ಎರಡನೇ ವಾರ ಸ್ಟೋರ್ ಕೀಪರು.
ನನ್ನ ಅಡಗಿಮನಿ ಎಲ್ಲಾ ಇಳಿಸಿ ಮತ್ತ ಏರಿಸಿದರು,
ಎತ್ತರದ ಪ್ರಕಾರ ಡಬ್ಬಿ, ಡಬ್ಬಿಗೆ ಚೀಟಿ, ಚೀಟಿಗೆ ತಾರೀಖು.
ಉಪ್ಪು ಹೋಗಿ ಎಲ್ಲಾದಕ್ಕಿಂತ ಮ್ಯಾಲಿನ ಹಲಗಿ ಮ್ಯಾಲ ಕುಂತತು.
ಅಡಗಿ ಮಾಡಾಕಿ ನಾನು,
ಉಪ್ಪು ನನ್ನ ಕೈಗೆ ಎಟಕೂದು ಬ್ಯಾಡೇನು ಅಂದೆ.
ಅಷ್ಟಕ್ಕ ಜಗಳಾ. ಎರಡು ದಿನ ಮಾತಿಲ್ಲ.
ಮೂರನೇ ದಿನ ರಜಾ ಮುಗೀತು.
ಯಶವಂತಪುರದಾಗ ರೈಲು ಹತ್ತಿಸಿ ಬಂದೆ,
ಬಂದಾಕಿನ ಉಪ್ಪು ಕೆಳಗ ಇಟ್ಟೆ ನೋಡ್ರಿ,
ಚಪ್ಪಲಿನೂ ಬಿಟ್ಟಿರಲಿಲ್ಲ.'

ಲೋಟ ತಣ್ಣಗಾಗಿತ್ತು.
ಐವತ್ತೊಂಬತ್ತನೆಯದನ್ನು ಅವಳು ಖಾಲಿ ಬಿಟ್ಟಿದ್ದಳು:
ಸಂಗಾತಿ ಹತ್ತಿರವಿದ್ದಾರೆಂದು ನಿಮಗೆ ಎಷ್ಟು ಸಲ ಅನಿಸುತ್ತದೆ?
ಅದನ್ನು ಓದಲು ಹೋಗಿ, ಯಾಕೋ,
ಉಪ್ಪು ಈಗ ಎಲ್ಲಿದೆ ಅಂತ ಕೇಳಿಬಿಟ್ಟೆ.

'ಅಲ್ಲೇ, ಮ್ಯಾಲೇ ಐತ್ರಿ.
ನಾಕು ದಿನ ಆದಮ್ಯಾಲ ನಾನೇ ಇಟ್ಟೆ.'
ಒಳಗೆ ಕರೆದು, ಪ್ಲಾಸ್ಟಿಕ್ ಸ್ಟೂಲು ಎಳೆದು, ಹತ್ತಿ,
ಹಿಮ್ಮಡಿ ಎತ್ತಿ ತೋರಿಸಿದಳು,
ಇಂಗ್ಲಿಷ್ ದೊಡ್ಡಕ್ಷರದಲ್ಲಿ ಒಬ್ಬ ಹವಾಲ್ದಾರ ಬರೆದ ಚೀಟಿ.
'ದಿನಾ ಎರಡು ಸಲ ಹತ್ತತೀನ್ರಿ' ಅಂದಳು
ಮೇಲಿನಿಂದಲೇ.

ಷರಾ ಎಂಬ ಕಾಲಮ್ಮಿಗೆ ಒಂದೇ ಗೆರೆಯ ಜಾಗ.
ಉಪ್ಪು, ಮೇಲಿನ ಹಲಗೆ, ಸ್ಟೂಲು ಎಂದು ಬರೆದು
ಗೇಟಿನಲ್ಲಿ ಹೊರಟ ವೇಳೆ ತುಂಬಿ
ದೊಮ್ಮಲೂರಿನ ಬಸ್ಸು ಹಿಡಿದೆ.

ಡೇಟಾ ಎಂಟ್ರಿಯ ತಬ್ರೇಜ್ ರಾತ್ರಿ ಫೋನು ಮಾಡಿದ:
ಮೇಡಂ, ನಲವತ್ತೇಳರ ಐವತ್ತೊಂಬತ್ತಕ್ಕೆ ಏನು ಹಾಕಲಿ?
ಖಾಲಿ ಬಿಟ್ಟರೆ ಮಷೀನು ತಗೊಳ್ಳಲ್ಲ.
ಒಲೆಯ ಮೇಲೆ ಸಾರು ಕುದಿಯುತ್ತಿತ್ತು.
ತಡಿ, ಅಂದೆ.
ನನ್ನ ಮನೆಯ ಉಪ್ಪು
ಕೈಗೆ ಎಟುಕುವಲ್ಲೇ ಇತ್ತು.